ತೊಟ್ಟಿಲಬೆಟ್ಟದ ಮೂರನೇ ಚೀಟಿ

ಸಹಿ ಹಾಕಲ್ಲ ಅಂತ ನಾನೆಲ್ಲಿ ಅಂದೆನಮ್ಮ? ಹಾಕ್ತೀನಿ. ಚೀಟಿ ನಂದು, ಕೈಬರಹ ನಂದು, ಹಾಕದೇ ಏನು. ಆದ್ರೆ ಮೂರು ಮಹಡಿ ಹತ್ತಿ ಬಂದೋಳನ್ನ ನಿಂತ ಕಾಲಲ್ಲೇ ಕಳಿಸಿದ್ರೆ ಚೆನ್ನಾಗಿರತ್ತಾ? ಕೂತ್ಕೋ. ಅಲ್ಲಲ್ಲ, ಆ ಕುರ್ಚಿ ಬೇಡ, ಅದರ ಕಾಲು ನನ್ನ ಕಾಲಿಗಿಂತ ಕಡೆಯಾಗಿದೆ. ಮಂಚದ ಮೇಲೇ ಕೂತ್ಕೋ. ಆ ಬಟ್ಟೆ ಪಕ್ಕಕ್ಕೆ ತಳ್ಳು, ಒಗೆದಿರೋದೇ, ಮಡಿಸಿಲ್ಲ ಅಷ್ಟೆ. ನೀನು ಅಂತೀನಿ, ಬೇಜಾರಿಲ್ವಲ್ಲ? ಟೀಚರ್ ಆದ್ರೇನು, ನನಗೆ ಮಗಳ ವಯಸ್ಸು.

ಬಸ್ಸು ಎಷ್ಟು ಗಂಟೆಗೆ? ಐದಕ್ಕಾ? ಹಾಗಾದ್ರೆ ಇನ್ನೂ ಎರಡು ಗಂಟೆ ಇದೆ. ಬಸ್‌ಸ್ಟ್ಯಾಂಡಲ್ಲಿ ಕೂತು ಏನ್ ಮಾಡ್ತೀಯ, ನೊಣ ಹೊಡೀತೀಯಾ? ಟೀ ಇಡ್ತೀನಿ. ಬೇಡ ಅನ್ಬೇಡ. ಎರಡನೇ ಲೋಟ ಎಲ್ಲಿಟ್ಟಿದೀನಿ ನೋಡ್ತೀನಿ ತಾಳು... ಹಾಂ, ಇಲ್ಲಿದೆ. ಇದಕ್ಕೆ ಕೆಲಸ ಬಿದ್ದು ಎಷ್ಟು ದಿನ ಆಯ್ತೋ, ಒಳಗೆ ಜೇಡ ಸಂಸಾರ ಹೂಡಿದೆ. ಯಾಕೆ ನಗ್ತೀಯ? ತೊಳೀತೀನಮ್ಮ, ಹಾಗೇ ಕೊಟ್ಬಿಡಲ್ಲ.

ಈಗ ನೀನು ಹೇಳಿದ್ದು ನನಗೆ ನೆಟ್ಟಗೆ ಅರ್ಥ ಆಗಿದ್ಯೋ ಇಲ್ವೋ, ಒಂದ್ಸಲ ತಿರುಗಿಸಿ ಹೇಳ್ತೀನಿ. ತಪ್ಪಿದ್ರೆ ತಿದ್ದು. ನೀನು ಬೆಟ್ಟದ ಆಚೆ ಊರಲ್ಲಿ ಟೀಚರು. ಬೆಟ್ಟದ ಬುಡದಲ್ಲಿ ಸಮತಟ್ಟು ಜಾಗ ಒಂದಿದೆ, ಅಲ್ಲಿ ಮಕ್ಕಳಿಗೆ ಹಾಸ್ಟೆಲ್ ಕಟ್ತೀವಿ ಅಂತ ಮೇಲಿನವರು ಹೊರಟಿದಾರೆ. ನಲವತ್ತು ಮಕ್ಕಳು. ಊರಿನವರು ಬೇಡ ಅಂತಾರೆ, ಅಲ್ಲಿ ಕಲ್ಲು ಬೀಳತ್ತೆ, ಅದರ ಹೆಸರೇ ಕಲ್ಲುದುರಿ ಅಂತಾರೆ. ಮೇಲಿನವರು ನಕ್ಷೆ ಬಿಚ್ಚಿ ತೋರಿಸ್ತಾರೆ. ನೋಡಿ, ಇದು ತೊಟ್ಟಿಲಬೆಟ್ಟ, ನಿಮ್ಮೂರಿನ ಮುದುಕಿನೇ ನಲವತ್ತು ವರ್ಷದ ಹಿಂದೆ ಹೇಳಿದಾಳೆ, ಇಲ್ಲಿ ಒಂದು ಹರಳೂ ಉದುರಿಲ್ಲ, ಮಕ್ಕಳು ಮಲಗೋ ಜಾಗ ಅಂತ. ಚೀಟಿ ಇದೆ. ಆ ಚೀಟಿ ಬರೆದೋನೇ ಅದನ್ನ ಹೊಡೆದು ಹಾಕಿದ್ರೆ ಆಯ್ತು, ಇಲ್ದಿದ್ರೆ ಊರಿಗೆ ಊರೇ ಬಂದು ಬಾಯಿ ಬಡ್ಕೊಂಡ್ರೂ ಆಗಲ್ಲ. ಅದಕ್ಕೆ ನನ್ನನ್ನ ಹುಡುಕ್ಕೊಂಡು ಬಂದಿದೀಯ. ಸರೀನಾ?

ಹ್ಞೂಂ. ಆ ನಿಯಮ ಇನ್ನೂ ಇದ್ಯಲ್ಲ ಅಂತ ಕೇಳಿ ಖುಷಿ ಆಯ್ತು ಕಣಮ್ಮ. ಚೀಟಿ ಬರೆದೋನೇ ಹೊಡೀಬೇಕು. ನಮ್ಮ ನಕ್ಷೆ ಕಚೇರಿಯ ದೊಡ್ಡ ಸಾಹೇಬರು ಮಾಡಿದ್ದು ಅದು. ಕಚೇರಿಲಿ ಕೂತು ಯಾವನೋ ಒಬ್ಬ ಪೆನ್ಸಿಲ್ ಆಡಿಸಿ ಬೆಟ್ಟದ ಹೆಸರು ಬದಲಾಯಿಸ್ಬಾರ್ದು ಅಂತ. ಎಲ್ಲಿ, ಆ ಕಾಗದ, ಚೀಟಿಗಳು ಎಲ್ಲ ಕೊಡು. ಕನ್ನಡಕ... ತಲೆ ಮೇಲೇ ಇದೆ. 'ಮೂರನೇ ಚೀಟಿ ಸರಿ ಇದೆ', 'ಸರಿ ಇಲ್ಲ'. ಯಾವುದಾದರೂ ಒಂದಕ್ಕೆ ಗುರುತು ಹಾಕಿ. ಸುಲಭ ಅಲ್ವಾ? ಸರಿ ಇದೆ ಅಂತ ಹಾಕ್ತೀನಿ.

ಮುಖ ಯಾಕೆ ಹಾಗೆ ಮಾಡ್ಕೊಂಡೆ? ನೀನು ಬೇರೆ ಕೇಳೋಕೆ ಬಂದಿದೀಯ ಅಂತ ನನಗೂ ಗೊತ್ತಾಗತ್ತೆ. ಆದ್ರೆ ಸರಿ ಇರೋದನ್ನ ಸರಿ ಇಲ್ಲ ಅಂತ ಹೇಗೆ ಹಾಕ್ಲಿ ಹೇಳು? ನಾನು ನಾಲ್ಕುನೂರ ಹನ್ನೆರಡು ಹೆಸರು ಬರೆದಿದೀನಿ. ಒಂದು, ಒಂದೇ ಒಂದು ವಾಪಸ್ ಬಂದಿಲ್ಲ. ಅಳತೆಯವರ ಲೆಕ್ಕ ತಪ್ಪಿದೆ, ಬೆಟ್ಟದ ಎತ್ತರ ಏರುಪೇರಾಗಿದೆ, ಹೊಳೆ ಇಲ್ಲದ ಕಡೆ ಹೊಳೆ ಬರೆದಿದಾರೆ. ನನ್ನ ಹೆಸರು ಬಂದಿಲ್ಲ. ಈ ಬಿಲ್ಡಿಂಗ್ ಮಕ್ಕಳು ನನ್ನನ್ನ ಏನಂತ ಕರೀತಾವೆ ಗೊತ್ತಾ? ಗುಡ್ಡದ ತಾತ. ಸುತ್ತ ಎಲ್ಲಿ ನೋಡಿದ್ರೂ ಒಂದು ದಿಬ್ಬ ಕಾಣಲ್ಲ, ಕಿಟಕಿ ತೆಗೆದ್ರೆ ಎದುರು ಮನೆ ನೀರಿನ ಟ್ಯಾಂಕು. ಆದ್ರೂ ನಾನು ಗುಡ್ಡದ ತಾತ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡ್ತೀನಲ್ಲ, ಅದಕ್ಕೂ ಇರಬಹುದು.

ಸಕ್ಕರೆ ಎಷ್ಟು? ಒಂದಾ? ಸರಿ.

ನೀನು ಪಾಠ ಹೇಳೋಳು, ನಿನಗೊಂದು ಪಾಠ ಹೇಳ್ತೀನಿ ಕೇಳು. ಬೆಟ್ಟದ ಹೆಸರು ಕೇಳೋದು ಹೇಗೆ? 'ಇದರ ಹೆಸರೇನು' ಅಂತ ಕೇಳಿದ್ಯೋ, ಕೆಟ್ಟೆ. ಊರಿನ ಮುಖಂಡ ಮುಂದೆ ಬಂದು ಎದೆ ಉಬ್ಬಿಸ್ಕೊಂಡು ಬಾಯಿಗೆ ಬಂದ ಹೆಸರು ಹೇಳ್ತಾನೆ, ಅವರಪ್ಪನ ಹೆಸರೇ ಹೇಳಿದ್ರೂ ಹೇಳಿದ. ಹಾಗೆ ಕೇಳ್ಬಾರ್ದು. 'ನಿಮ್ಮ ಕುರಿ ಕಳೆದುಹೋದ್ರೆ ಎಲ್ಲಿ ಹೋಯ್ತು ಅಂತೀರ?' ಅಂತ ಕೇಳ್ಬೇಕು. ಆಗ ಬರತ್ತೆ ನೋಡು ನಿಜವಾದ ಹೆಸರು. ಹೊರೆ ಹೊರೋರನ್ನ ಕೇಳ್ಬೇಕು, ಗಂಡ ಬರೋ ದಾರಿ ಕಾಯೋ ಹೆಂಗಸರನ್ನ ಕೇಳ್ಬೇಕು. ಮತ್ತೆ... ಮತ್ತೆ ನಾವಾಗಿ ಒಂದು ಹೆಸರು ಅವರ ಬಾಯಿಗೆ ಕೊಡ್ಬಾರ್ದು. ಕೊಟ್ರೆ ಹೌದು ಹೌದು ಅಂದ್ಬಿಡ್ತಾರೆ. ಬಂದೋರ ಮನಸ್ಸು ನೋಯಿಸ್ಬಾರ್ದು ಅಂತ.

ಆಮೇಲೆ ಮೂರು ಚೀಟಿ. ಒಂದು ಬೆಟ್ಟಕ್ಕೆ ಮೂರು ಜನ ಸಾಕ್ಷಿ, ಮೂರರಲ್ಲಿ ಒಬ್ಬರು ಆಚೆ ಕಡೆಯವರು ಆಗಿರ್ಲೇಬೇಕು. ಯಾಕಂದ್ರೆ ಬೆಟ್ಟಕ್ಕೆ ಒಂದೇ ಮುಖ ಅಲ್ಲ. ಒಂದು ಕಡೆ ನಾನು ಹೋದಾಗ, ಈಚೆ ಊರಿನವರು ಅದನ್ನ ಬೆಳಗಿನ ಬೆಟ್ಟ ಅಂದ್ರು. ಸೂರ್ಯ ಅದರ ಹಿಂದಿಂದ ಹುಟ್ತಾನೆ. ಬರ್ಕೊಂಡೆ. ಆಚೆಗೆ ಹೋದ್ರೆ ಅದೇ ಬೆಟ್ಟಕ್ಕೆ ಸಂಜೆಬೆಟ್ಟ ಅಂದ್ರು, ಅವರಿಗೆ ಸೂರ್ಯ ಮುಳುಗೋದು ಅಲ್ಲಿ. ಎರಡು ಊರಿಗೂ ಹೆಣ್ಣು ಕೊಟ್ಟು ತರೋ ಸಂಬಂಧ ಇತ್ತು. ಸೊಸೆ ಬೆಳಗು ಅಂತಾಳೆ, ಅತ್ತೆ ಸಂಜೆ ಅಂತಾಳೆ. ಇನ್ನೇನು ಬೇಕು ಜಗಳಕ್ಕೆ? ನಾನು ಎರಡೂ ಬರೆದೆ.

ನಕ್ಕೆಯಲ್ಲ, ಇನ್ನೂ ಕೇಳು. ಅತ್ತೆಬೆಟ್ಟ ಅಂತಾನೇ ಒಂದಿದೆ. ವರ್ಷಪೂರ್ತಿ ಮೋಡ ಕವಿದು ಮುಖ ದಪ್ಪ ಮಾಡ್ಕೊಂಡಿರತ್ತೆ, ದೂರದ ನೆಂಟರು ಬಂದ ದಿನ ಮಾತ್ರ ತಿಳಿಯಾಗತ್ತಂತೆ. ಮೂರು ಹೆಂಗಸರು ಸಾಕ್ಷಿ ಹೇಳಿದ್ರು, ಮೂವರೂ ಸೊಸೆಯಂದಿರು. ಉಪ್ಪಿನಮೂಟೆ ಅಂತ ಒಂದು ಗುಡ್ಡ, ಉಪ್ಪು ಹೊರೋರು ಹೊರೆ ಇಳಿಸಿ ಉಸಿರು ಬಿಡ್ತಿದ್ದ ಜಾಗ. ಸುಳ್ಳುಗುಡ್ಡ ಅಂತ ಒಂದು, ಹತ್ತಿ ಹತ್ತಿ ಬಂತು ತುದಿ ಅಂದ್ಕೋಬೇಕು, ಅದರ ಹಿಂದೆ ಇನ್ನೊಂದು ತುದಿ. ಕಿವುಡಬೆಟ್ಟ ಅಂತ ಒಂದು, ಎಷ್ಟು ಕೂಗಿದ್ರೂ ತಿರುಗಿ ಕೂಗಲ್ಲ. ಆ ಬುಡದ ಊರಿನವರನ್ನೆಲ್ಲ ಸಂತೆಲಿ ಕಿವುಡರು ಅಂತಾನೇ ಕರೀತಾರೆ. ಪಾಪ, ಅಲ್ಲಿಂದ ಬಂದಿದ್ದ ಒಬ್ಬ ಗಡಿಯಾರ ರಿಪೇರಿಯವನು, ಸೂಜಿ ಬಿದ್ರೆ ಕೇಳಿಸ್ತಿತ್ತು ಅವನಿಗೆ. ಸಾಯೋವರೆಗೂ ಕಿವುಡ ಅನ್ನಿಸ್ಕೊಂಡ.

ತಗೋ ಟೀ. ಬಿಸಿ ಇದೆ.

ಗಡಿಯಾರ ನೋಡ್ಬೇಡ, ವಿಷಯಕ್ಕೆ ಬರ್ತೀನಿ. ಹೀಗೆ ಮಾತಾಡೋಕೆ ಯಾರೂ ಸಿಗಲ್ಲಮ್ಮ, ಅದಕ್ಕೆ ಸ್ವಲ್ಪ ಜಾಸ್ತಿ ಆಯ್ತು. ಹೆಂಡತಿ ಮಕ್ಕಳಾ? ಇಲ್ಲ. ಮದುವೆ ಆಗ್ಲಿಲ್ಲ. ವರ್ಷದಲ್ಲಿ ಹತ್ತು ತಿಂಗಳು ಬೆಟ್ಟ ಸುತ್ತೋನಿಗೆ ಯಾರು ಕೊಡ್ತಾರೆ? ಕೆಳಗಿನ ಅಂಗಡಿಯವನು ದಿನಾ ಬ್ರೆಡ್ಡು ಕೊಡ್ತಾನೆ, 'ಆಯ್ತಾ ತಾತ' ಅಂತಾನೆ, 'ಆಯ್ತಪ್ಪ' ಅಂತೀನಿ. ಕೆಲವು ದಿನ ಅಷ್ಟೇ ಮಾತು. ಸಂಜೆ ನನ್ನ ದನಿ ನನಗೇ ಹೊಸದಾಗಿ ಕೇಳಿಸತ್ತೆ.

ಇರ್ಲಿ. ತೊಟ್ಟಿಲಬೆಟ್ಟ. ಆಚೆ ಮುದುಕಿ ಏನು ಹೇಳಿದ್ಲು ಅಂತ ತಾನೇ ನೀನು ಕೇಳಿದ್ದು? ಬರ್ಕೋತೀಯಾ? ಬರ್ಕೋ ಬರ್ಕೋ, ಒಳ್ಳೇದೇ ಆಯ್ತು. ನಿಧಾನವಾಗಿ ಹೇಳ್ತೀನಿ.

ಆಗ ನನಗೆ ಇಪ್ಪತ್ತೊಂಬತ್ತು. ಈಚೆ ಕಡೆ ಊರಿಗೆ ಹೋದಾಗ ಮಧ್ಯಾಹ್ನ. ಹೇಸರಗತ್ತೆಗಳಿಗೆ ಲಾಳ ಕಟ್ಟೋನು ಒಬ್ಬನ ಮನೆ, ಊರಿಗೆ ಮೊದಲನೇದು. ಅವನ ಹೆಂಡತಿ ಬಾಗಿಲಲ್ಲಿ ಇದ್ಲು. ಕೇಳ್ದೆ. 'ಅಯ್ಯೋ, ಅದಾ? ತೊಟ್ಟಿಲಬೆಟ್ಟ ಅಲ್ವಾ' ಅಂದ್ಲು. ಥಟ್ಟನೆ. ಒಂದು ಚೀಟಿ. ಗಂಡ ಒಳಗಿಂದ ಹೌದು ಅಂದ. ಎರಡನೇ ಚೀಟಿ. ಅಲ್ಲೇ ಊಟ ಆಯ್ತು, ಒಂದು ರಾತ್ರಿ ಇದ್ದೆ, ಬೆಳಗ್ಗೆ ಎದ್ದು ಕಣಿವೆ ಹತ್ತಿ ಆಚೆಗೆ ಇಳಿದೆ. ಹೌದು, ನಡ್ಕೊಂಡೇ. ಆರು ಗಂಟೆ ದಾರಿ. ಈಗ ರಸ್ತೆ ಆಗಿದ್ಯಾ? ಆಗ ಹೇಸರಗತ್ತೆಗೂ ಕಾಲು ನಡುಗೋ ದಾರಿ.

ನಿಮ್ಮೂರಿನ ಕೊನೇ ಮನೆ. ಸೂಲಗಿತ್ತಿ ಮುದುಕಿ, ಊರಿಗೆಲ್ಲ ಹಿರಿ ತಲೆ. ಒಲೆ ಮುಂದೆ ಕೂತಿದ್ಲು, ಕೆಂಪು ಶಾಲು ಹೊದ್ಕೊಂಡು. ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಬಾಗಿಲಲ್ಲಿ ನಿಂತೆ, ಅವಳು ತಿರುಗಿ ನೋಡಿ 'ಬಾ ಮಗ, ಕೂತ್ಕೋ' ಅಂದ್ಲು. ಸ್ವಲ್ಪ ಗೊಗ್ಗರು ದನಿ. ಮಾತು ನಿಧಾನ, ಒಂದೊಂದೇ ಮಾತು ಒಲೆ ಮೇಲಿಂದ ಇಳಿಸಿಟ್ಟ ಹಾಗೆ. ನಾನು ಬೆಟ್ಟದ ಮಾತೆತ್ತಿದೆ. ಆಗ ಅಂದ್ಲು ನೋಡು, ಇದನ್ನ ಹಾಗೇ ಬರ್ಕೋ, ಒಂದಕ್ಷರ ಬಿಡ್ಬೇಡ: 'ಈ ಊರಿನ ಮಕ್ಕಳನ್ನೆಲ್ಲ ಹುಟ್ಟಿದಾಗ ಹಿಡ್ಕೊಂಡೋಳು ನಾನು, ತೂಗಿದ್ದು ಆ ಬೆಟ್ಟ. ಅದರ ಬುಡದಲ್ಲಿ ಒಂದು ಹರಳು ಬಿದ್ದಿದ್ದು ನಾನು ಕಂಡಿಲ್ಲ.'

ಹೇಗಿದೆ? ಸಾಹೇಬರು ಈ ಚೀಟಿನ ಎಲ್ಲರ ಮುಂದೆ ಓದಿದ್ರು. ಹೀಗೆ ಬರೀಬೇಕು ಚೀಟಿ ಅಂದ್ರು. ಕಚೇರಿಲಿ ಎಲ್ಲ ತಿರುಗಿ ನನ್ನ ನೋಡಿದ್ರು. ಹಾಂ, ಹೊರಡೋವಾಗ ಆ ಮುದುಕಿ ನನಗೊಂದು ಸ್ವೆಟರ್ ಕೊಟ್ಟಳು, ಸ್ವೆಟರ್ ಅಂದ್ರೆ ಹಳೇದು, ಅವಳ ಮಗಂದು... ಬಾಗಿಲವರೆಗೂ ಬಂದು ಬೀಳ್ಕೊಟ್ಲು. 'ಮತ್ತೆ ಬಾ' ಅಂದ್ಲು.

ಪೆನ್ನು ಯಾಕೆ ಕೆಳಗಿಟ್ಟೆ?

ಕೈ ನೋವಾ? ಅಲ್ವಾ? ಮತ್ತೆ? ಹೆಬ್ಬೆಟ್ಟು ಯಾಕಿಲ್ಲ ಅಂತಾನಾ? ಮೊದಲ ಎರಡು ಚೀಟಿಲಿ ಹೆಸರು, ಹೆಬ್ಬೆಟ್ಟು ಎಲ್ಲ ಇದೆ, ಮೂರನೇದರಲ್ಲಿ ಬರೀ 'ಸೂಲಗಿತ್ತಿ, ಆಚೆ ಊರು' ಅಂತಿದೆ, ಅದನ್ನ ನೋಡ್ತಿದೀಯಾ? ಅವಳ ಕೈ ಒದ್ದೆ ಆಗಿತ್ತಮ್ಮ. ಪಾತ್ರೆ ತೊಳೀತಿದ್ಲು. ಒಲೆ ಮುಂದೆ ಕೂತು ತೊಳೀತಿದ್ಲಾ ಅಂದ್ರೆ... ಮೊದಲು ತೊಳೆದು ಆಮೇಲೆ ಕೂತ್ಲು. ನೀನು ಕೇಳೇ ಇಲ್ಲ ಅಂತೀಯಾ? ಹೌದು, ನೀನು ಕೇಳ್ಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಂದು.

ಹಾಗೆ ನೋಡ್ಬೇಡಮ್ಮ. ಆಗಿಂದ ನಾನೊಬ್ಬನೇ ಒದರ್ತಿದೀನಿ.

ನೀನು ಆ ಊರಿಗೆ ವರ್ಗ ಆಗಿ ಹೋದೋಳು ತಾನೇ? ಅಲ್ವಾ? ಅಲ್ಲೇ ಹುಟ್ಟಿದ್ದಾ? ಮೊದಲೇ ಹೇಳ್ಬಾರ್ದಾ? ನೀನು ಬೇರೆ ಕಡೆಯಿಂದ ಬಂದೋಳು ಅಂದ್ಕೊಂಡು ನಾನು ಊರಿನ ದಾರಿ ಎಲ್ಲ ವಿವರಿಸ್ತಾ ಕೂತಿದೀನಿ. ಹಾಗಾದ್ರೆ ಆ ಮುದುಕಿನ ನೀನು ನೋಡಿರ್ಬೇಕು. ಚಿಕ್ಕೋಳಿದ್ದಾಗ ಆದ್ರೂ... ನೋಡಿದೀಯಾ?

ಅಜ್ಜಿನಾ? ನಿನ್ನ ಸ್ವಂತ ಅಜ್ಜಿನಾ? ಅಮ್ಮನ ಅಮ್ಮನಾ?

ಅಯ್ಯೋ ದೇವರೇ. ನೋಡು, ನಲವತ್ತು ವರ್ಷ ಆದ್ಮೇಲೆ ಆ ಮುದುಕಿ ಮೊಮ್ಮಗಳು ನನ್ನ ಮಂಚದ ಮೇಲೆ ಕೂತು ಟೀ ಕುಡೀತಿದಾಳೆ. ಅದೇ ಅನ್ಕೊಂಡೆ, ಬಾಗಿಲು ತೆಗೆದ ತಕ್ಷಣ, ಎಲ್ಲೋ ನೋಡಿದ ಮುಖ ಅಂತ. ಹಣೆ ಅವಳದ್ದೇ. ಹಾಗಾದ್ರೆ ನಾನು ಹೇಳೋದೇನು, ನಿನಗೇ ಗೊತ್ತಿರತ್ತೆ ಅವಳ ಮಾತಿನ ಧಾಟಿ. ಆ ಗೊಗ್ಗರು ದನಿ...

ಗೊಗ್ಗರು ಇರ್ಲಿಲ್ವಾ? ಇರಬಹುದು. ನಲವತ್ತು ವರ್ಷ ಆಯ್ತಲ್ಲ, ಯಾರದೋ ದನಿ ಯಾರಿಗೋ ಸೇರ್ಕೊಂಡಿರತ್ತೆ. ಸಣ್ಣ ದನಿ. ಹೌದು, ಈಗ ನೆನಪಾಯ್ತು, ಸಣ್ಣಗೆ, ಕೊನೆ ಎಳೆದು ಎಳೆದು... ಅದೂ ಅಲ್ವಾ? ಜೋರಾ? ಸಣ್ಣ ದನಿ ಅಲ್ಲ, ಗೊಗ್ಗರು ಅಲ್ಲ, ಜೋರೂ ಅಲ್ಲ ಅಂದ್ರೆ ಮತ್ತೆ ಹೇಗೆ ಮಾತಾಡ್ತಿದ್ಲು ನಿಮ್ಮಜ್ಜಿ?

ಮಾತಾಡ್ತಾನೇ ಇರ್ಲಿಲ್ವಾ?

ಹುಟ್ಟಿದಾಗಿಂದಾನಾ?

ಲೋಟ ಈ ಕಡೆ ಕೊಡು, ಟೀ ಆರಿಹೋಗಿದೆ.

ಕಚೇರಿಲಿ ಹೇಳಿದ್ಯಾ ಇದನ್ನ? ಏನಂದ್ರು? ಹ್ಞೂಂ... ಕಾಗದ ತೋರಿಸು ಅಂದ್ರಾ? ಅನ್ನದೇ ಇನ್ನೇನು. ಸತ್ತು ಮೂವತ್ತು ವರ್ಷ ಆದೋಳಿಗೆ ಮಾತು ಬರ್ತಿರ್ಲಿಲ್ಲ ಅನ್ನೋಕೆ ಕಾಗದ ಎಲ್ಲಿಂದ ತರ್ತೀಯ? ಅವಳು ಮಾತಾಡಿದ್ಲು ಅನ್ನೋಕೆ ನನ್ನ ಕಾಗದ ಇದೆ. ಅದನ್ನ ಗೊತ್ತಿಟ್ಕೊಂಡೇ ಬಂದೆ ನೀನು. ಗೊತ್ತಿಟ್ಕೊಂಡೇ ಕೂತು ನನ್ನ ಅತ್ತೆಬೆಟ್ಟ, ಉಪ್ಪಿನಮೂಟೆ ಎಲ್ಲ ಕೇಳಿದೆ. ಬೈಬಹುದಿತ್ತಲ್ಲಮ್ಮ. ಬಾಗಿಲಲ್ಲೇ ಬೈದಿದ್ರೆ ನಾನು ಬಾಗಿಲು ಹಾಕ್ಕೊಂಡಿರ್ತಿದ್ದೆ, ಇಬ್ಬರಿಗೂ ಸುಲಭ ಆಗಿರ್ತಿತ್ತು.

ಆಗ ಆ ಈಚೆ ಮನೆಗೆ ಲಾಳ ಕಟ್ಟಿಸೋಕೆ ಒಬ್ಬ ಹೇಸರಗತ್ತೆ ಹೊಡ್ಕೊಂಡು ಬಂದಿದ್ದ, ಆಚೆ ಊರಿನವನು. ಆಚೆ ಕಡೆ ಯಾರನ್ನ ಕೇಳ್ಲಿ ಅಂದೆ. 'ಕೊನೇ ಮನೆ ಸೂಲಗಿತ್ತಿನ ಕೇಳಿ, ಕೆಂಪು ಶಾಲಿನೋಳು, ಚೆನ್ನಾಗಿ ಹೇಳ್ತಾಳೆ' ಅಂದು ನಕ್ಕ. ಯಾಕೆ ನಗ್ತಾನೆ ಅಂತ ನಾನು ಕೇಳ್ಲಿಲ್ಲ. ಈಗ ಗೊತ್ತಾಯ್ತು ಯಾಕೆ ನಕ್ಕ ಅಂತ.

ಹೋಗ್ಲಿಲ್ಲಮ್ಮ ನಾನು. ಆಚೆಗೆ ಕಾಲೇ ಇಡ್ಲಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತ ಸಣ್ಣ ಮಕ್ಕಳಿಗೂ ಗೊತ್ತು, ಬೆಟ್ಟದಲ್ಲೇ ಕೆಲಸ ಮಾಡೋನು ನಾನು, ದೂರದಲ್ಲೇ ನಿಂತು ಬರೆದೆ.

ಇಲ್ಲ, ಕೂತ್ಕೋ. ಎಲ್ಲ ಹೇಳ್ತೀನಿ. ಅರ್ಧ ಹೇಳಿದ್ರೆ ಅದೂ ಒಂದು ಸುಳ್ಳೇ ಆಗತ್ತೆ.

ಆ ಮನೇಲಿ ನಾನು ಒಂದು ರಾತ್ರಿ ಇರ್ಲಿಲ್ಲ. ಆರು ದಿನ ಇದ್ದೆ. ಮೊದಲ ದಿನ ಹೆಸರು ಕೇಳಿ ಹೊರಡೋನೇ ಇದ್ದೆ. ಆ ಹೊತ್ತಿಗೆ ಒಂಬತ್ತು ವರ್ಷ ಆಗಿತ್ತು ಹೀಗೆ ತಿರುಗೋಕೆ ಶುರು ಮಾಡಿ. ಎಲ್ಲ ಊರಲ್ಲೂ ಒಳ್ಳೆಯವರೇ. ನೀರು ಕೊಡ್ತಾರೆ, ಜಗಲಿ ಮೇಲೆ ಮಲಗೋಕೆ ಬಿಡ್ತಾರೆ. ಊಟಾನೂ ಹೊರಗಡೆಗೇ ತಂದು ಕೊಡ್ತಾರೆ, ಸರ್ಕಾರದವನು ಅಂತ ಮರ್ಯಾದೆ. ಬಾಗಿಲು ದಾಟಿ ಒಳಗೆ ಯಾರೂ ಕರೀತಿರ್ಲಿಲ್ಲ. ಅವಳು, ಲಾಳ ಕಟ್ಟೋನ ಹೆಂಡತಿ, ಒಳಗಿಂದ ಕೂಗಿ 'ತಟ್ಟೆ ಹಾಕಿದೀನಿ, ಬನ್ನಿ, ಆರೋಗತ್ತೆ' ಅಂದ್ಲು. ಮೂರು ತಟ್ಟೆ ಇತ್ತು. ಮೂರನೇದು ನಂದು. ನಾನು ಬರ್ತೀನಿ ಅಂತ ಅವಳಿಗೇನು ಮೊದಲೇ ಗೊತ್ತಿತ್ತಾ? ಆದ್ರೂ ನಾನು ದಿನಾ ಅಲ್ಲೇ ಉಣ್ಣೋನು ಅನ್ನೋ ಹಾಗೆ ಹಾಕಿದ್ಲು.

ಒಂದು ಕೂಸಿತ್ತು ಮನೇಲಿ. ನೀರು ತರೋಕೆ ಹೋಗ್ತಾ 'ಸ್ವಲ್ಪ ತೂಗ್ತಿರಿ' ಅಂತ ತೊಟ್ಟಿಲು ನನ್ನ ಕೈಗೆ ಕೊಟ್ಟು ಹೋದ್ಲು. ತೂಗ್ದೆ. ಬಾಗಿಲಲ್ಲಿ ಬೆಟ್ಟ ಕಾಣ್ತಿತ್ತು. ಅವಳು ಬಂದ್ಮೇಲೆ, ನಾನೇ ಅಂದೆ. ನಾನೇ ಕಣಮ್ಮ. 'ನೋಡಿ, ಆ ಬೆಟ್ಟ ಥೇಟ್ ಈ ತೊಟ್ಟಿಲ ಹಾಗೇ ಇದೆ' ಅಂದೆ. ಅವಳು ನಕ್ಕು 'ಹೌದಲ್ವಾ, ಇಷ್ಟು ದಿನ ನಮಗೆ ಹೊಳೀಲೇ ಇಲ್ಲ' ಅಂದ್ಲು. ಗಂಡನ್ನ ಕರೆದು ತೋರಿಸಿದ್ಲು. ಅವನೂ ಹೌದೌದು ಅಂದ. ಅವರು ಅದನ್ನ ಯಾವತ್ತೂ ಏನೂ ಅಂತ ಕರೆದಿರ್ಲಿಲ್ಲ. ಬರೀ 'ಬೆಟ್ಟ' ಅಂತಿದ್ರು. ಅವರ ಬಾಯಿಗೆ ನಾನು ಕೊಟ್ಟ ಹೆಸರು ಅದು. ಅವರಿಗೆ ಖುಷಿ ಆಯ್ತು, ನನಗೂ ಆಯ್ತು. ಮನೆಯವರೆಲ್ಲ ಸೇರಿ ಮಗುಗೆ ಹೆಸರಿಟ್ಟ ಹಾಗೆ ಅನ್ನಿಸ್ತು.

ಐದನೇ ದಿನ ಬೆಳಗ್ಗೆ ಬುತ್ತಿ ಕಟ್ಟಿ ಕೊಟ್ರು, ಕಣಿವೆ ದಾಟೋಕೆ. ಮೊದಲ ತಿರುವಿನವರೆಗೂ ಹೋದೆ. ಅಲ್ಲಿಂದ ಅವರ ಮನೆ ಹೊಗೆ ಕಾಣ್ತಿತ್ತು. ಬಂಡೆ ಮೇಲೆ ಕೂತೆ. ಎದ್ರೆ ಆಚೆಗೆ ಹೋಗ್ಬೇಕು, ಆಚೆಗೆ ಹೋದ್ರೆ ಅಲ್ಲಿಂದ ಹಾಗೇ ಮುಂದಿನ ಬೆಟ್ಟ, ಮುಂದಿನ ಜಗಲಿ. ಆ ದಾರಿಲಿ ವಾಪಸ್ ಬರೋ ಹಾಗಿರ್ಲಿಲ್ಲ. ಮಧ್ಯಾಹ್ನದವರೆಗೂ ಕೂತೆ. ಅವರು ಕಟ್ಟಿಕೊಟ್ಟ ಬುತ್ತಿ ತಿಂದೆ. ತೊಡೆ ಮೇಲಿಟ್ಟು ಮೂರನೇ ಚೀಟಿ ಬರೆದೆ. ಕೆಳಗಿಳಿದು ಬಂದು 'ಮೇಲೆ ಮಂಜು ಕವಿದಿದೆ' ಅಂದೆ. ಮಂಜಿರ್ಲಿಲ್ಲ. ಅವಳು ಆಕಾಶ ನೋಡಿದ್ಲು, ನನ್ನ ನೋಡಿದ್ಲು, ಏನೂ ಕೇಳ್ದೆ ತಟ್ಟೆ ಹಾಕಿದ್ಲು. ಮಾರನೇ ದಿನ ಪೇಟೆ ಕಡೆ ಹೋಗೋ ಗಾಡಿ ಹತ್ತಿದೆ.

ಮತ್ತೆ ಹೋಗ್ಲಿಲ್ಲ. ಹೋಗೋಕೆ ಎಷ್ಟು ಆಸೆ ಇತ್ತು ಅಂದ್ರೆ... ಹೋದ್ರೆ ಆಚೆಗೂ ಹೋಗ್ಬೇಕಾಗತ್ತಲ್ಲ ಅಂತ ಭಯ. ನಕ್ಷೆ ಅಚ್ಚಾಗಿ ಬಂದಾಗ ಒಂದು ಪ್ರತಿ ತಂದು ಈ ಗೋಡೆಗೆ ಅಂಟಿಸಿದ್ದೆ. ಅಷ್ಟು ದೊಡ್ಡ ನಕ್ಷೆಲಿ ನನ್ನ ಮನೆ ಅಂತ ಒಂದು ಜಾಗ. ನಾಚಿಕೆಗೇಡು ಅನ್ನಿಸತ್ತೆ ಅಲ್ವಾ ಕೇಳಿದ್ರೆ? ಹೇಳೋಕೂ ಹಾಗೇ ಅನ್ನಿಸತ್ತೆ.

ಮತ್ತೆ ನಿಮ್ಮಜ್ಜಿ... ಅದನ್ನೂ ಹೇಳ್ಬಿಡ್ತೀನಿ. ಮೊದಮೊದಲು ಕಚೇರಿಯವರು ಕೇಳಿದಾಗ ಹೇಳ್ತಿದ್ದೆ, ಆಮೇಲೆ ಯಾರೂ ಕೇಳದೇ ಇದ್ರೂ ನಾನೇ ಹೇಳ್ಕೊಳ್ತಿದ್ದೆ. ಈ ರೂಮಲ್ಲಿ ಅವಳು ನಲವತ್ತು ವರ್ಷ ಮಾತಾಡಿದಾಳೆ. ಹೊರಗಿಂದ ಬಂದು ಬೀಗ ತೆಗೆದ್ರೆ 'ಬಾ ಮಗ, ಕೂತ್ಕೋ' ಅಂತಾಳೆ. ಬೇರೆ ಯಾರೂ ಅನ್ನಲ್ಲಮ್ಮ ನನಗೆ ಹಾಗೆ. ಕೇಳಿ ಕೇಳಿ ನಿಜವಾಗ್ಲೂ ಹೋಗಿದ್ದೆ ಅಂತಾನೇ ಆಗ್ಬಿಟ್ಟಿತ್ತು. ನೀನು ಪೆನ್ನು ಕೆಳಗಿಡೋವರೆಗೂ.

ಅಳ್ತಿದೀಯಾ? ನನ್ನ ಮೇಲೆ ಸಿಟ್ಟಾ? ಬರ್ಲಿ ಬಿಡು, ಬರ್ಬೇಕಾದ್ದೇ.

ಒಂದು ಕೇಳ್ತೀನಿ, ಇಷ್ಟ ಇಲ್ದಿದ್ರೆ ಹೇಳ್ಬೇಡ. ನಿಮ್ಮಜ್ಜಿ ಆ ಬೆಟ್ಟಕ್ಕೆ ಏನಂತಿದ್ಲು? ಅಂದ್ರೆ... ಕೈಯಲ್ಲಿ. ಮಕ್ಕಳು ಆ ಕಡೆ ಆಡೋಕೆ ಹೋದ್ರೆ ಏನು ಮಾಡ್ತಿದ್ಲು?

ಇನ್ನೊಂದ್ಸಲ ತೋರಿಸು. ಮುಷ್ಟಿ ತಲೆ ಮೇಲೆ. ಬಿಚ್ಚಿ ಬೆರಳೆಲ್ಲ ಕೆಳಗೆ, ಕಲ್ಲು ಉರುಳಿದ ಹಾಗೆ ದಬದಬ. ಆಮೇಲೆ ಮಗುವಿನ ರಟ್ಟೆ ಹಿಡಿದು ಎದೆಗೆ ಎಳ್ಕೊಳ್ಳೋದು. ಹೀಗಾ? ಅಷ್ಟು ಗಟ್ಟಿಯಾಗಾ? ನೋವಾಗ್ತಿತ್ತಾ? ಹ್ಞೂಂ. ಕಲ್ಲುದುರಿ ಅಂತ ನಿಮ್ಮೂರಿನವರು ಬಾಯಲ್ಲಿ ಹೇಳೋದು, ಅವಳು ಹೀಗೆ ಹೇಳ್ತಿದ್ಲು. ನಾನು ಆರು ಗಂಟೆ ನಡೆದಿದ್ರೆ ಅವಳು ನನ್ನ ರಟ್ಟೆನೂ ಹೀಗೇ ಹಿಡೀತಿದ್ಲು. ಕೇಳದೇ ಇರೋಕೆ ಆಗ್ತಿರ್ಲಿಲ್ಲ.

ಕೊಡು ಆ ಕಾಗದ. ಪೆನ್ನೂ ಕೊಡು. 'ಸರಿ ಇಲ್ಲ'. ಹಾಕ್ದೆ. ಗುರುತು ದೊಡ್ಡದಾಗಿ ಹಾಕಿದೀನಿ, ಯಾವನೂ ಕಾಣ್ಲಿಲ್ಲ ಅನ್ಬಾರ್ದು. ಚೀಟಿ ಮೇಲೂ ಅಡ್ಡ ಗೆರೆ ಎಳೀತೀನಿ. ಒಂದು ಮತ್ತು ಎರಡನೇ ಚೀಟಿನೂ ಹೊಡೀಬೇಕು, ಅವೂ ನಂದೇ ಮಾತು. ಆ ತೊಟ್ಟಿಲು ಹೋಯ್ತು. ಹೋಗ್ಲಿ. ನಲವತ್ತು ಮಕ್ಕಳು ಅಂದ್ಯಲ್ಲ.

ಕೆಳಗೆ ಇನ್ನೊಂದು ಸಾಲು ಬಿಟ್ಟಿದಾರೆ. 'ಆಚೆ ಕಡೆಗೆ ಹೋಗದಿದ್ದಲ್ಲಿ ಕಾರಣ'. ಏನು ಬರೀಲಿ? ಕಾಲು ನೋವು ಅಂದ್ರೆ ಒಪ್ತಾರೆ. ಮಂಜು ಅಂದ್ರೂ ಒಪ್ತಾರೆ, ಆ ದಾರಿಲಿ ಮಂಜು ಇರೋದೇ. ಬೇಡ ಅಂತೀಯಾ? ನಾನೂ ಬೇಡ ಅಂತಾನೇ. ಸುಳ್ಳು ಕಾರಣ ಬರೆದ್ರೆ ಅದನ್ನೂ ಯಾರೋ ಪುಣ್ಯಾತ್ಮರು ನಂಬ್ತಾರೆ.

ತಾಳು. ಹಾಂ... ಬರೆದೆ. ಓದ್ತೀನಿ ಕೇಳು. 'ಈಚೆ ಮನೆಯವರು ನನ್ನನ್ನು ಊಟಕ್ಕೆ ಒಳಗೆ ಕರೆದರು. ಎದ್ದು ಹೋಗಲು ಮನಸ್ಸು ಬರಲಿಲ್ಲ.'